ಸುದ್ದಿಗೆ ಗಡಿಯಾರ ಹಿಡಿದ ಮಾವ

ನಮ್ಮ ಸೋದರಮಾವನಿಗೆ ಗುಟ್ಟು ಹೇಳಬಾರದೆಂದು ಮಸ್ಕಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಟ್ಟು ಬಯಲಾಗುತ್ತದೆ ಎಂದಲ್ಲ. ಅದು ಯಾವ ಓಣಿಗೆ ಎಷ್ಟು ಹೊತ್ತಿಗೆ ಮುಟ್ಟಿತೆಂದು ಜೇಬುಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದ ಪುಣ್ಯಾತ್ಮ!

ಮಾವ ಲಿಂಗಸೂಗೂರಿನಲ್ಲಿ ವಿಜ್ಞಾನದ ಮಾಸ್ತರ. ಆ ವಿಜ್ಞಾನ ಓದಿದ್ದೆಲ್ಲ ಹೈದರಾಬಾದಿನಲ್ಲಿ, ಉರ್ದುವಿನಲ್ಲಿ. ನಿಜಾಮರ ರಾಜ್ಯ ಹೋಗಿ ಪಾಠ ಕನ್ನಡಕ್ಕೆ ಬಂದಾಗ ಫಜೀತಿಯಾಯಿತು. ನೀರಿಗೆ ಬಿದ್ದ ಮಸಿಯ ಹನಿ ತಾನಾಗಿ ಲೋಟವನ್ನೆಲ್ಲ ತುಂಬುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮಾವ ಊರೂರು ಕೇಳುತ್ತ ಹೊರಟ. ಮೊದಲ ಸರದಿ ಮಸ್ಕಿಯಲ್ಲಿದ್ದ ನಮ್ಮ ಅವ್ವನದು.

"ತಂಗೀ, ಒಗ್ಗರಣಿ ವಾಸನಿ ಪಡಸಾಲಿಗೆ ಬರ್ತದಲ್ಲ, ಅದಕ್ಕೇನಂತೀ?"

"ಅಡಗಿ ಆತು, ಕೈಕಾಲು ತೊಳಕೋರಿ ಅಂತೀನಿ."

ನೂಲಿಗೆ ಬಣ್ಣ ಹಾಕುವವನನ್ನು ಕೇಳಿದರೆ ಅವನು ಇನ್ನೂ ಗೊಂದಲ ಮಾಡಿಟ್ಟ. "ಬಣ್ಣ ಇಳೀತದರೀ ಮಾಸ್ತರ, ಬಳ್ಳಿ ಹಬ್ತದ, ಜಡ್ಡು ಅಂಟ್ತದ, ಸುದ್ದಿ ಹರಡ್ತದ. ನಿಮಗ ಯಾವುದು ಬೇಕು?" ಮಾವನಿಗೆ ಎಲ್ಲವೂ ಬೇಕಾಗಿತ್ತು. ಎಲ್ಲದರೊಳಗೂ ಇರುವುದು ಒಂದೇ ಸಂಗತಿ, ದಟ್ಟವಾಗಿ ಇರುವ ಕಡೆಯಿಂದ ಇಲ್ಲದ ಕಡೆಗೆ ಹೋಗುವುದು ಎಂದು ತೀರ್ಮಾನಿಸಿ, ನಾಲ್ಕನ್ನೂ ಹಲಗೆಯ ಮೇಲೆ ಬರೆದ. ಮಕ್ಕಳು ತಮಗೆ ಬೇಕಾದದ್ದನ್ನು ಬರೆದುಕೊಂಡರು.

ಮಸಿಯ ಪ್ರಯೋಗ ಲೋಟದಲ್ಲಿ ಆಯಿತು, ಸುದ್ದಿಯದು? ಮಸ್ಕಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, "ನಾ ರೊಟ್ಟಿ ತಿನ್ನೋದು ಬಿಟ್ಟೀನಿ" ಎಂದು ಸುಮ್ಮನೆ ಒಂದು ಮಾತು ಬಿಟ್ಟ. ಮರುದಿನ ಲಿಂಗಸೂಗೂರಿನಲ್ಲಿ ಬಸ್ಸಿಳಿಯುವಷ್ಟರಲ್ಲಿ ಹೆಡ್‌ಮಾಸ್ತರರು ಹೊಟ್ಟೆಯ ಆರೋಗ್ಯ ವಿಚಾರಿಸಿದರು. ಊಟ ಹಾಕುತ್ತಿದ್ದ ಮನೆಯಾಕೆ ಎಂಟು ದಿನ ಗಂಜಿ ಬಿಟ್ಟು ಬೇರೇನೂ ಬಡಿಸಲಿಲ್ಲ. ಪ್ರಯೋಗ ಯಶಸ್ವಿಯಾಗಿತ್ತು, ಮಾವ ಸೊರಗಿದ್ದ.

ಆ ವರ್ಷವೇ ನಾನು ಮಸ್ಕಿಯಲ್ಲಿ ನಾಲ್ಕನೇ ಇಯತ್ತೆ ಪಾಸಾದೆ. ಮುಂದೆ ಓದಬೇಕೆಂದರೆ ಲಿಂಗಸೂಗೂರಿಗೆ ಹೋಗಿ ಮಾವನ ಹತ್ತಿರ ಇರಬೇಕು. ಅಪ್ಪ ಕಾಳಿನ ವ್ಯಾಪಾರಿ, ಮಾತು ಕಡಿಮೆ. "ಹೆಣ್ಣುಹುಡುಗಿಗೆ ಇಷ್ಟು ಸಾಕು" ಅಂದುಬಿಟ್ಟರು. ನಾನು ಅತ್ತೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರಜೆಗೆ ನಮ್ಮಲ್ಲಿಗೆ ಬಂದಿದ್ದ ಮಾವ? ವಾದ ಮಾಡಲಿಲ್ಲ. ಗಡಿಯಾರಕ್ಕೆ ಕೀಲಿ ಕೊಟ್ಟು, ಸಂಜೆಯ ಚಹಾಕ್ಕೆ ಹೋಟೆಲಿಗೆ ಹೋದ. ನನಗೆ ಸಿಟ್ಟು ಬಂತು.

ಹೋಟೆಲಿನವನ ಕಿವಿಯಲ್ಲಿ ಅವನು ಹೇಳಿದ್ದು ಇಷ್ಟೇ. "ನಮ್ಮ ತಂಗಿ ಮನಿಯವರು ಮಗಳನ್ನ ಲಿಂಗಸೂಗೂರ ಸಾಲಿಗೆ ಹಚ್ಚಾಕತ್ತಾರ. ಯಾರ ಮುಂದೂ ಅನಬ್ಯಾಡ."

ಮರುದಿನ ಅಪ್ಪ ಸಿಂಧನೂರಿನ ಪೇಟೆಗೆ ಹೋದರೆ ದಲಾಲಿ ಮೇಲೆ ಕಾಳು ಮಾರಿಸುವ ಅಡತಿ ಅಂಗಡಿಯ ಹಿರಿಯರು ಎದ್ದು ನಿಂತು ಕಲ್ಲುಸಕ್ಕರೆ ಕೊಟ್ಟರಂತೆ. "ಭಾಳ ಛಲೋ ಮಾಡಿದ್ರಿ. ನಮ್ಮ ಮೊಮ್ಮಗಳನ್ನೂ ಜೋಡಿ ಕಳಸ್ತೀವಿ." ನಾಲ್ಕು ಮಂದಿಯ ಎದುರು ಬಾಯಿಗೆ ಬಿದ್ದ ಕಲ್ಲುಸಕ್ಕರೆಯನ್ನು ಉಗುಳುವುದು ಹೇಗೆ? ಸಂಜೆ ಮನೆಗೆ ಬಂದು ಅಪ್ಪ ಕೇಳಿದ್ದು ಒಂದೇ ಮಾತು.

"ಯಾವತ್ತು ಕರಕೊಂಡು ಹೋಗ್ತೀರಿ?"

ಮಾವ ಪೆನ್ಸಿಲ್ ತೆಗೆದ. "ಸಿಂಧನೂರಿಗೆ ಎಷ್ಟೊತ್ತಿಗೆ ಮುಟ್ಟಿತ್ರೀ?"

"ನನಗಿಂತ ಮೊದಲ" ಅಂದರು ಅಪ್ಪ.

ಲಿಂಗಸೂಗೂರಿನಲ್ಲಿ ಮೊದಲ ದಿನ ಮಾವನ ಜೊತೆ ಶಾಲೆಗೆ ನಡೆಯುತ್ತ ಕೇಳಿದೆ. "ಮಾಮಾ, ನನ್ನದೂ ಪ್ರಯೋಗ ಏನು?"

ಅವನು ನಗಲಿಲ್ಲ. "ಅಲ್ಲವ್ವ. ನಿಮ್ಮವ್ವ, ನಾನು ಒಂದ ಐಗಳ ಸಾಲ್ಯಾಗ ಅಕ್ಷರ ತಿದ್ದಾಕ ಕುಂತಿದ್ವಿ. ಆಕಿ ನನಗಿಂತ ಶಾಣ್ಯಾಕಿ ಇದ್ದಳು. ಆಕೀನ್ನ ಸಾಲಿ ಬಿಡಿಸಿದ ದಿನ ನಾ ಅಲ್ಲೇ ಇದ್ದೆ. ಒಂದು ಮಾತು ಆಡಲಿಲ್ಲ."

ತರಗತಿಯಲ್ಲಿ ಹಾಜರಿ ಕೂಗುವಾಗ, ನನ್ನ ಹೆಸರು ಬರಬೇಕಾದಲ್ಲಿ ಮಾವನ ಬಾಯಿಂದ ಅವ್ವನ ಹೆಸರು ಬಂತು. ಅವನಿಗೆ ತಿಳಿಯಲೂ ಇಲ್ಲ.

ನಾನು ಎದ್ದು ನಿಂತೆ. "ಹಾಜರ್ ರೀ ಸರ್" ಅಂದೆ.