ಅವಿರೋಧ ಆಯ್ಕೆಗೆ ಹೋದ ಮೀಸೆ

ಲಂಡನ್ನಿನ ಕೆಂಟನ್ ಕನ್ನಡ ರಂಗಬಳಗದಲ್ಲಿ ಪೈಪೋಟಿ ಇಲ್ಲ. ನಿಯಮಾವಳಿಯೇ ಅದನ್ನು ನಿಷೇಧಿಸಿದೆ: ಪಾತ್ರ ಬೇಕೆಂದು ಕೇಳಿದವರಿಗೆ ಕೊಡತಕ್ಕದ್ದಲ್ಲ, ಬೇಡವೆಂದವರನ್ನು ಕಾರ್ಯದರ್ಶಿ ಮೂರು ಸಲ ಒತ್ತಾಯಿಸಿ, ಮೂರನೆಯದಕ್ಕೆ ಒಪ್ಪಿದರೆ ಅವಿರೋಧ ಆಯ್ಕೆಯೆಂದು ಘೋಷಿಸತಕ್ಕದ್ದು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಕ್ರಮವೇ ಇಲ್ಲಿಯೂ.

ಈ ವರ್ಷ ಆಡಲಿದ್ದುದು ಒಂದು ಅಮೆರಿಕನ್ ನಾಟಕದ ಅನುವಾದ. ಕಾರು ಷೋರೂಮಿನ ಸೇಲ್ಸ್‌ಮನ್ನೊಬ್ಬ ಮೊದಲ ಸ್ಥಾನಕ್ಕಾಗಿ ಸುಳ್ಳು ಹೇಳಿ, ಜೊತೆಯವರ ಕಾಲೆಳೆದು, ಕೊನೆಗೆ ಒಂಟಿಯಾಗುತ್ತಾನೆ. ಮಹತ್ವಾಕಾಂಕ್ಷೆಯ ಕೇಡನ್ನು ಸದಸ್ಯರಿಗೆ ಮನಗಾಣಿಸುವುದು ಬಳಗದ ಉದ್ದೇಶ.

ಮೈಸೂರಿನ ಡಾಕ್ಟರ್ ರಾಮಪ್ರಸಾದರಿಗೆ ಆ ಪಾತ್ರದ ಮೇಲೆ ಜೀವ. ಕಾಲೇಜಿನಲ್ಲಿ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತದ್ದು ಬಿಟ್ಟರೆ ಪಾಪ, ರಂಗದ ಮೇಲೆ ಅವರಿಗೆ ಒಂದು ಮಾತೂ ಸಿಕ್ಕಿರಲಿಲ್ಲ. ಮಾತೆಲ್ಲ ಬಾಯಿಪಾಠ ಮಾಡಿದರು. ಸೇಲ್ಸ್‌ಮನ್ನಿಗೆ ಮೀಸೆಯಿಲ್ಲವೆಂದು, ಮದುವೆಗೂ ಮುಂಚಿನ ಮೀಸೆಯನ್ನು ಬೋಳಿಸಿದರು. ಆಸ್ಪತ್ರೆಯ ಮಾಸ್ಕಿಗೆ ತೊಡಕಾಗುತ್ತಿತ್ತೆಂದು ಹೆಂಡತಿ ಕಲ್ಯಾಣಿಗೆ ಹೇಳಿದರು.

ಸಭೆಗೆ ಬಂದರೆ ಧಾರವಾಡದ ಶೇಖರಪ್ಪನವರ ಮೀಸೆಯೂ ಮಾಯ. ಒಬ್ಬರ ಮೇಲ್ದುಟಿಯನ್ನೊಬ್ಬರು ನೋಡಿ, ಮಳೆಯ ವಿಷಯ ಮಾತಾಡಿದರು.

ಕಾರ್ಯದರ್ಶಿ ಗಿರಿಜಾದೇವಿ ಮೊದಲು ಡಾಕ್ಟರನ್ನೇ ಕೇಳಿದರು. ಡ್ಯೂಟಿ ಜಾಸ್ತಿ, ಬೇಡ ಎಂದರು ಅವರು. ಎರಡನೆಯ ಸಲವೂ ಬೇಡವೆಂದು, ಮೂರನೆಯದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶೇಖರಪ್ಪ ಎದ್ದು ನಿಂತರು.

"ಡಾಕ್ಟರ್ ಸಾಹೇಬರನ್ನ ಭಾಳ ಕಾಡಬ್ಯಾಡ್ರಿ. ಪೇಷಂಟ್ ಮಂದಿ ಏನ್ ಮಾಡಬೇಕ್ರಿ?"

ಸಭೆಗೆ ಅದು ಹೌದೆನಿಸಿತು. ಗಿರಿಜಾದೇವಿ ಶೇಖರಪ್ಪನವರತ್ತ ತಿರುಗಿದರು. ಅವರೂ ನಿಯಮದ ಪ್ರಕಾರ ಮಂಡಿನೋವೆಂದು ಎರಡು ಸಲ ಒಲ್ಲೆ ಅಂದರು. ಡಾಕ್ಟರ ಹೊಟ್ಟೆ ಉರಿಯುತ್ತಿತ್ತು. ಮುಖದಲ್ಲಿ ಮಾತ್ರ ಕನಿಕರ. ಬಗ್ಗಿ ಆ ಮಂಡಿಯನ್ನು ಒತ್ತಿ ನೋಡಿದರು.

"ಈ ಮಂಡೀಲಿ ನಾಟಕ ಆಡೋದಾ? ಡಾಕ್ಟರಾಗಿ ನಾನಂತೂ ಒಪ್ಪೋಕಾಗಲ್ಲ."

ನೋವಿಲ್ಲವೆನ್ನುವಂತಿಲ್ಲ. ಶೇಖರಪ್ಪ ಮರ್ಯಾದೆಗೆ ಒಮ್ಮೆ ನರಳಿ ಕೂತರು. ಇಬ್ಬರ ತ್ಯಾಗವನ್ನೂ ಸಭೆ ಚಪ್ಪಾಳೆಯೊಂದಿಗೆ ದಾಖಲಿಸಿತು.

ಒತ್ತಾಯಿಸುವ ಅಧಿಕಾರ ಕಾರ್ಯದರ್ಶಿಯದಾದ್ದರಿಂದ, ಗಿರಿಜಾದೇವಿ ತಮ್ಮನ್ನು ತಾವೇ ಮೂರು ಸಲ ಒತ್ತಾಯಿಸಿಕೊಂಡು, ಒಲ್ಲದ ಮನಸ್ಸಿನಿಂದ ಒಪ್ಪಿದರು. ಪಾತ್ರಕ್ಕೆ ಹೇಗೂ ಮೀಸೆಯಿಲ್ಲವಲ್ಲ ಎಂದು, ಗಂಟು ಹಾಕಿಯೇ ತಂದಿದ್ದ ಟೈಯನ್ನು ಕೈಚೀಲದಿಂದ ತೆಗೆದರು. ಪೈಪೋಟಿಯಿಲ್ಲದೆ ಮುಗಿಯಿತೆಂದು ಎಲ್ಲರಿಗೂ ಸಮಾಧಾನವಾಯಿತು.

ಉಳಿದದ್ದು ಷೋರೂಮಿನ ಬಾಗಿಲು ತೆರೆಯುವವನ ಪಾತ್ರ. ಅದಕ್ಕೆ ಮಾತಿಲ್ಲ. ಡಾಕ್ಟರು ಈ ಸಲ ಕೇಳುವ ಮೊದಲೇ ಒಪ್ಪಿಕೊಂಡರು. ಆ ಪಾತ್ರಕ್ಕೆ ಮೀಸೆ ಬೇಕಾಗಿದ್ದರಿಂದ, ಬಳಗದ ವತಿಯಿಂದ ಒಂದನ್ನು ಅಂಟಿಸಿಕೊಡಲಾಯಿತು.