ಬೇಜಾರಿನ ಪಾರ್ಟು

ನಾನು ಕೊಪ್ಪದ ಒಂದು ಆಸ್ಪತ್ರೆಯಲ್ಲಿ ಆಪ್ತಸಲಹೆಗಾರ. ಬೇಜಾರಾದವರನ್ನು ಕೂರಿಸಿಕೊಂಡು ಬಾಯಿ ಬಿಡಿಸುವುದು ನನ್ನ ಹೊಟ್ಟೆಪಾಡು. ನಮ್ಮಂಥವರಿಗೆ ಸಿ.ಬಿ.ಟಿ. ಎಂಬ ಚಿಕಿತ್ಸೆ ಕಲಿಸಲು ಶಿವಮೊಗ್ಗದಿಂದ ಒಬ್ಬರು ಡಾಕ್ಟರಮ್ಮ ವಾರಕ್ಕೊಮ್ಮೆ ಬರತೊಡಗಿದರು. ವಿದ್ಯೆ ಸರಳ. ‘ನನ್ನಿಂದ ಏನೂ ಆಗಲ್ಲ’ ಎಂಬಂಥ ಯೋಚನೆ ರೋಗಿಯ ತಲೆಗೆ ಬಂದರೆ, ಅದನ್ನು ಕಳ್ಳನ ಹಾಗೆ ಹಿಡಿದು ನಿಲ್ಲಿಸಿ ‘ಇದಕ್ಕೆ ಪುರಾವೆ ಏನು?’ ಎಂದು ಕೇಳಬೇಕು. ಪುರಾವೆ ಸಿಗುವುದಿಲ್ಲ. ರೋಗಿ ಹಗುರಾಗುತ್ತಾನೆ. ಇಷ್ಟೇ!

ಮೊದಲು ನಮ್ಮನಮ್ಮಲ್ಲೇ ಅಭ್ಯಾಸ. "ರೋಗಿ ಯಾರಾಗ್ತೀರಿ?" ಎಂದರು ಡಾಕ್ಟರಮ್ಮ. ತಾಳಮದ್ದಲೆಯಲ್ಲಿ ಕೂತು ಅರ್ಥ ಹೇಳುವ ನಾನು ಬಿಡುತ್ತೇನೆಯೇ? ಕೈ ಎತ್ತಿಯೇ ಬಿಟ್ಟೆ.

ಚಿಕಿತ್ಸಕಿಯಾಗಿ ಎದುರು ಕೂತವರು ಜಯಪುರದ ಸುಮಿತ್ರಾ. ಕೆಲಸಕ್ಕೆ ಹೊಸಬರು, ಉತ್ಸಾಹ ವಿಪರೀತ.

"ನಿಮಗೆ ಯಾವ ಯೋಚನೆ ಬರುತ್ತೆ ಸಾರ್?"

ಏನಾದರೂ ಕಟ್ಟಿ ಹೇಳೋಣ ಎಂದು ಬಾಯಿ ತೆರೆದೆ. "ನಾನು ಇಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ" ಎಂಬ ಮಾತು ಹೊರಬಿತ್ತು. ಅದು ಕಟ್ಟಿದ್ದಾಗಿರಲಿಲ್ಲ. ಎಷ್ಟೋ ತಿಂಗಳಿಂದ, ಬೆಳಿಗ್ಗೆ ಏಳಲಿಕ್ಕೇ ಮನಸ್ಸಿಲ್ಲದೆ ಬಿದ್ದುಕೊಂಡಿರುವಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದ ಯೋಚನೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಎಂಥ ಆಕ್ಟಿಂಗ್ ಮಾರಾಯ್ರೆ!"

ಸುಮಿತ್ರಾ ಬಿಡಲಿಲ್ಲ. "ಪರೀಕ್ಷೆ ಮಾಡುವ ಸಾರ್. ನೀವು ತಪ್ಪದೆ ಹೋಗೋ ಕಡೆ ಒಂದ್ಸಲ ಹೇಳದೆ ತಪ್ಪಿಸ್ಕೊಳ್ಳಿ. ಹೇಗೆ ಹುಡುಕ್ತಾರೆ ನೋಡಿ!"

ಡಾಕ್ಟರಮ್ಮ ಆಗ ಟೀ ಕುಡಿಯಲು ಹೋಗಿದ್ದರು. ನಮ್ಮ ಗ್ರಹಚಾರ!

ಭಾನುವಾರ ಸಂಜೆ ನಮ್ಮ ತಾಳಮದ್ದಲೆ ಕೂಟ. ನನ್ನದು ಸಾರಥಿಯ ಪಾತ್ರ. ಸಾರಥಿ ಇಲ್ಲದೆ ರಥ ಹೊರಡುವುದು ಹೇಗೆ? ಭಾಗವತರು ಪದ ನಿಲ್ಲಿಸಿ, ನನ್ನ ಮೊಬೈಲಿಗೆ ಫೋನು ಬಂದು, ಕೊನೆಗೆ ನಾಲ್ಕು ಜನ ಮನೆಗೇ ಓಡುವ ದೃಶ್ಯವನ್ನು ಕಲ್ಪಿಸಿಕೊಂಡು, ಕೂಟ ನಡೆಯುವ ಸಭಾಭವನದ ಹಿಂದಿನ ಕಿಟಕಿಯ ಕೆಳಗೆ ಅಡಗಿ ಕೂತೆ. ಕಾಲಿಗೊಂದು ಉಂಬಳ ಹತ್ತಿ ರಕ್ತ ಹೀರತೊಡಗಿತು. ಆ ಸಂಜೆ ನನ್ನನ್ನು ಹುಡುಕಿಕೊಂಡು ಬಂದದ್ದು ಅದೊಂದೇ!

ಒಳಗೆ ಭಾಗವತರು "ಸಾರಥಿ ಎಲ್ಲಿ?" ಎಂದರು. ನಾನು ಮೊಬೈಲು ಕೈಗೆ ತೆಗೆದುಕೊಂಡೆ.

"ಬರ್ಲಿಲ್ಲ ಕಾಣ್ತದೆ. ಏ ಶ್ರೀಪಾದ, ನೀನೇ ಹೇಳೋ" ಎಂದರು ಯಾರೋ.

ಸುಮ್ಮನೆ ಕೇಳಲು ಬಂದಿದ್ದ ಶ್ರೀಪಾದ ಹೋಗಿ ಕೂತ. ರಥ ಹೊರಟಿತು. ನಾನಿದ್ದಾಗಿನದಕ್ಕಿಂತ ಚೆನ್ನಾಗಿಯೇ ಓಡಿತು! ಫೋನು ಕೊನೆಯವರೆಗೂ ಬರಲಿಲ್ಲ. ಉಂಬಳ ಕಿತ್ತು ಎಸೆದು ಮನೆಗೆ ನಡೆದೆ. ದಾರಿಯುದ್ದಕ್ಕೂ ಅಳು ಬರುವ ಹಾಗಾಗುತ್ತಿತ್ತು.

ಮುಂದಿನ ತರಗತಿಯಲ್ಲಿ ಗಂಭೀರವಾಗಿ ವರದಿ ಒಪ್ಪಿಸಿದೆ. "ರೋಗಿಯ ಯೋಚನೆ ಸರಿಯಾಗಿಯೇ ಇದೆ. ಪುರಾವೆ ದೊರಕಿದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಮಿತ್ರಾರ ಮುಖ ಮಾತ್ರ ಸಪ್ಪಗಾಯಿತು. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಅಡಗಿ ಕೂತು ನೋಡೋದಲ್ರೀ! ನಂಗೆ ಬೇಜಾರಾಗಿದೆ ಅಂತ ಒಬ್ಬರ ಹತ್ರ ಹೇಳಿ ನೋಡ್ಬೇಕಿತ್ತು!"

ಕೊನೆಗೆ ನನ್ನ ಫಲಿತಾಂಶ ಬಂತು. ಚಿಕಿತ್ಸಕನಾಗಿ ಇನ್ನೂ ಕಲಿಯಬೇಕು. ರೋಗಿಯಾಗಿ ಅತ್ಯುತ್ತಮ! ನರಸಿಂಹರಾಜಪುರದ ತರಬೇತಿಗೂ ನಾನೇ ರೋಗಿಯೆಂದು ತೀರ್ಮಾನವಾಯಿತು.

ಮನೆಗೆ ಬಂದು ಹೆಂಡತಿ ವಿಶಾಲಾಗೆ, ಎನ್.ಆರ್.ಪುರದಲ್ಲಿ ಪಾರ್ಟು ಸಿಕ್ಕಿದೆ ಎಂದೆ.

"ಎಂಥ ಪಾರ್ಟು?"

"ಬೇಜಾರಲ್ಲಿರೋ ಮನುಷ್ಯಂದು."

"ಅದಕ್ಕೆ ಎನ್.ಆರ್.ಪುರಕ್ಕೆ ಬೇರೆ ಹೋಗ್ಬೇಕಾ? ದೀಪಾವಳಿಯಿಂದ ಮನೇಲಿ ದಿನಾ ಮಾಡ್ತಿದೀರಲ್ಲ!"

ನಾನು ಬೆಪ್ಪಾಗಿ ನಿಂತೆ. "ನಿಂಗೆ ಗೊತ್ತಿತ್ತಾ?"

"ಒಂದೇ ಮನೇಲಿದ್ದು ಗೊತ್ತಾಗಲ್ವಾ? ಎಚ್ಚರಾಗಿದ್ರೂ ಕಣ್ಣು ಮುಚ್ಕೊಂಡು ಮಲಗಿರ್ತೀರಿ. ಕೇಳಿದ್ರೆ ‘ಆರಾಮಿದೀನಿ’ ಅಂತೀರಿ. ನಾನು ಎಂತ ಮಾಡ್ಲಿ?" ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಎದುರು ಬಂದು ನಿಂತಳು. "ಈಗ ಹೇಳಿ. ಹೇಗಿದೀರಿ?"

ನನ್ನ ಯೋಚನೆ ಸುಳ್ಳು ಎಂಬ ಪುರಾವೆ ಎದುರೇ ನಿಂತಿತ್ತು. ಡಾಕ್ಟರಮ್ಮ ಹೇಳಿದ್ದೂ ನೆನಪಾಯಿತು. ಊರವರ ಬಾಯಿ ಬಿಡಿಸಿಯೇ ಅನ್ನ ತಿನ್ನುವ ನಾನು, ಕೊನೆಗೂ ಬಾಯಿ ಬಿಟ್ಟೆ.

"ಆರಾಮಿದೀನಿ."