ಬಾಗಿನ ಹೊತ್ತ ಅಲೆದೋಣಿ

ಸಾಗರದ ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟವನ ಕಣ್ಣೆದುರು ಇಂಥವು ನಡೆಯುತ್ತಲೇ ಇರುತ್ತವೆ. ಮೊಳೆ ಕೊಳ್ಳಲು ಬಂದವನು ತಲೆಯಲ್ಲಿದ್ದುದನ್ನೆಲ್ಲ ಗಲ್ಲಾದ ಮುಂದೆ ಸುರಿದೇ ಹೋಗುವುದು.

೧. ಬಾಗಿಲಿಲ್ಲದ ಕೀಲು

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಹೊಸತು. ಹಿನ್ನೀರಿನ ಪಡುವಣ ದಡದಲ್ಲಿ ಉಳಿದ ತುಮರಿಯ ರಸ್ತೆ ಮುಳುಗಿತ್ತು. ನಮ್ಮ ಬೀದಿಯ ಬಡಗಿ ಆಚಾರಿ ಬಂದು ಬಾಗಿಲಿನ ದೊಡ್ಡ ಕೀಲು, ತಗಡು ಕೇಳಿದ.

"ಯಾರ ಮನೆ ಬಾಗ್ಲೋ?"

"ಬಾಗ್ಲಲ್ಲ ಸಾಹುಕಾರ್ರೇ, ದೋಣಿ. ಹೊನ್ನಾವರದ ಕಡಲಲ್ಲಿ ನೋಡ್ದೆ. ದೋಣಿ ಮೂತಿಗೆ ನೇತಾಡ್ತಿದ್ದ ಹಲಗೆ, ಅಲೆ ಏರಿ ಇಳಿದಾಗೆಲ್ಲ ಮೀನಿನ ಬಾಲದ ಹಾಗೆ ಬಡೀತಿತ್ತು. ದೋಣಿ ತಾನೇ ಮುಂದೆ ಹೋಯ್ತು. ಹುಟ್ಟೂ ಬೇಡ, ಎಣ್ಣೆಯೂ ಬೇಡ!"

ಅವನ ಅಕ್ಕನನ್ನು ತುಮರಿಗೆ ಕೊಟ್ಟಿತ್ತು. ನೀರು ನಿಂತ ಮೇಲೆ ಆಕೆ ತವರಿಗೆ ಬಂದಿರಲಿಲ್ಲ. ಹೊರಳಾಡುವ ಕಿರುದೋಣಿಯಲ್ಲಿ ಹೆಂಡತಿಯನ್ನು ಕಳಿಸಲಾರೆ ಎಂದು ಭಾವನ ಹಟ. ಇತ್ತ ತಾಯಿ ಹಾಸಿಗೆ ಹಿಡಿದು ಮಗಳ ಮುಖ ನೋಡಬೇಕೆನ್ನುತ್ತಿದ್ದಳು. ಗೌರಿಹಬ್ಬಕ್ಕೆ ಬಾಗಿನ ಒಯ್ದು, ಅಗಲವಾದ ದೋಣಿಯಲ್ಲಿ ಅಕ್ಕನನ್ನು ಕರೆತರುವುದು ಇವನ ಹಂಚಿಕೆ.

"ಮುಳುಗಿದ್ರೆ?" ಎಂದೆ.

"ಕೀಲು ನಿಮ್ಮ ಅಂಗಡೀದು ಅಂತ ಯಾರ ಹತ್ರಾನೂ ಹೇಳಲ್ಲ ಬಿಡಿ."

೨. ಕೆರೆಯಲ್ಲಿ ಪರೀಕ್ಷೆ

ಮೂತಿಗೆ ಕೀಲು ಹಾಕಿ ತಗಡು ತೂಗಿಬಿಟ್ಟ ದೋಣಿಯನ್ನು ಊರ ಕೆರೆಗೆ ಇಳಿಸಿದೆವು. ಅಲೆಯೇ ಇಲ್ಲ. ಆಚಾರಿ ಎಮ್ಮೆ ಕಾಯುವವನಿಗೆ ಎಲೆಯಡಿಕೆ ಕೊಟ್ಟು, ಆಚೆ ದಡದಿಂದ ಎಮ್ಮೆಗಳನ್ನು ನೀರಿಗೆ ಹೊಡೆಸಿದ. ಅಲೆ ಎದ್ದಿತು, ಮೂತಿಯ ತಗಡು ಬಡಿಯಿತು, ದೋಣಿ ನಿಜಕ್ಕೂ ಹೊರಟಿತು. ಹೊರಟಿದ್ದು ಮಾತ್ರ ನೇರ ಎಮ್ಮೆಗಳ ಕಡೆಗೆ!

ಎಮ್ಮೆಯವನು ಕೂಗಿದ: "ಆಚಾರೀ, ನಿನ್ನ ದೋಣಿಗೂ ಒಂದು ಮೂಗುದಾರ ಹಾಕು. ಸಂಜೆ ನನ್ನ ಕೊಟ್ಟಿಗೆಗೇ ಬರೋ ಹಾಗಿದೆ!"

ನಾವು ಹೊಟ್ಟೆ ಹಿಡಿದು ನಕ್ಕೆವು. ಅಲೆ ಎತ್ತಲಿಂದ ಬರುತ್ತದೋ ಅತ್ತಲೇ ಅದು ಹೋಗುತ್ತದೆ ಎಂಬುದನ್ನು ನಾನಾಗಲಿ ಅವನಾಗಲಿ ಯೋಚಿಸಲಿಲ್ಲ. ನಗುವ ಹೊತ್ತಿನಲ್ಲಿ ಯೋಚಿಸಬಹುದಿತ್ತು.

೩. ಪಡುವಣ ಗಾಳಿ

ಗೌರಿಹಬ್ಬದ ಹಿಂದಿನ ದಿನ ಆಚಾರಿ ಹೊರಟ. ತುಮರಿಯ ಗಿರಾಕಿಗೆ ಗುದ್ದಲಿ, ಹಾರೆ ಮುಟ್ಟಿಸಬೇಕಿತ್ತು, ನಾನೂ ಹತ್ತಿದೆ. ಪಡುವಣದಿಂದ ಬಿರುಗಾಳಿ, ಹಿನ್ನೀರಿನ ತುಂಬ ಅಲೆ. ತಗಡು ದಪದಪ ಬಡಿಯುತ್ತ ದೋಣಿ ಗಾಳಿಗೆ ಎದುರಾಗಿಯೇ ನಡೆಯಿತು. ಆಚಾರಿ ಬಾಗಿನದ ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ರಾಜನ ಹಾಗೆ ಕೂತಿದ್ದ.

ತುಮರಿಯ ದಡದಲ್ಲಿ ಭಾವ ದೋಣಿಯನ್ನು ಅಲ್ಲಾಡಿಸಿ ನೋಡಿ, "ಭದ್ರ ಇದೆ. ಇದ್ರಲ್ಲಾದ್ರೆ ಕರ್ಕೊಂಡು ಹೋಗು ಮಾರಾಯ" ಎಂದ. ಮಾರನೆಯ ದಿನ ಪೂಜೆ ಮುಗಿಸಿ ಅಕ್ಕ ಗಂಟು ಹಿಡಿದು ಹತ್ತಿಯೇ ಬಿಟ್ಟಳು.

ಮೂತಿಯನ್ನು ಸಾಗರದ ಕಡೆ ತಿರುಗಿಸಿ ನೂಕಿದೆವು. ದೋಣಿ ಗಿರ್ರನೆ ತಿರುಗಿ ಮತ್ತೆ ತುಮರಿಯ ದಡಕ್ಕೇ ಬಂತು. ಮತ್ತೆ ನೂಕಿದೆವು; ಮತ್ತೆ ಬಂತು. ಹುಟ್ಟು ಹಾಕಿದರೆ ಆ ಅಗಲದ ದೋಣಿ ಜಗ್ಗಲೇ ಇಲ್ಲ.

"ಮೂಡಣ ಗಾಳಿ ಯಾವಾಗ ಬೀಸ್ತದೆ?" ಭಾವ ಕೇಳಿದ.

"ದೀಪಾವಳಿ ಕಳೀಲಿ" ಎಂದ ಆಚಾರಿ, ನೆಲ ನೋಡುತ್ತ.

ನಾವಿಬ್ಬರೂ ಕಿರುದೋಣಿಯಲ್ಲೇ ಹಿಂದಿರುಗಿದೆವು. ಆ ತಾಯಿ ದೀಪಾವಳಿಯವರೆಗೆ ಉಳಿಯಲಿಲ್ಲ. ವ್ಯಾಪಾರದಲ್ಲಿ ಎಷ್ಟೋ ಸರಕು ಮುಳುಗಿದ್ದನ್ನು ಕಂಡವನು ನಾನು. ಮುಳುಗದೆ ತೇಲಿದ ಈ ಒಂದು ದೋಣಿಯ ವಿಷಾದ ಮಾತ್ರ ಹೋಗಿಲ್ಲ.

ಆದರೂ ಆ ದಿನ ದಡದಲ್ಲಿ ಎಲ್ಲರೂ ನಕ್ಕದ್ದು ನಿಜ. ಅಕ್ಕ ಗಂಟು ಹಿಡಿದು ಕೆಳಗಿಳಿದು, ಕಣ್ಣೊರೆಸಿಕೊಂಡು, ದೋಣಿಯ ಮೂತಿ ತಟ್ಟಿ ಹೇಳಿದಳು:

"ಅಳಬೇಡ್ವೋ ತಮ್ಮಾ. ಇದು ನನಗಿಂತ ಒಳ್ಳೇ ಸೊಸೆ. ಗಂಡನ ಮನೆ ಬಿಟ್ಟು ಬೇರೆ ದಾರೀನೇ ಗೊತ್ತಿಲ್ಲ!"